ಅಡುಗೆಮನೆಯಲ್ಲಿ ಅವ್ವನ ಕೈ ಸದ್ದು

ಮೊದಲು ಕೇಳಿದ್ದು ರೊಟ್ಟಿ ಬಡಿಯುವ ಸದ್ದು.

ಮಧ್ಯಾಹ್ನ. ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ್ದೆ. ಕಮರಿಪೇಟೆಯ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಮ್ಮ ಮನೆಯವರು ಅಂಗಡಿಯಲ್ಲಿದ್ದರು; ಸ್ಕೂಟರ್ ಸೀಟಿಗೆ ಕವರ್ ಹೊಲಿಯುವುದು ಅವರ ಕೆಲಸ. ಅಡುಗೆಮನೆಯಿಂದ ಪಟ್ ಪಟ್, ಸಣ್ಣದೊಂದು ಬಿಡುವು, ಮತ್ತೆ ಪಟ್ ಪಟ್. ಎದ್ದು ಹೋಗಿ ನೋಡಿದೆ. ಒಲೆ ಆರಿತ್ತು. ಹಂಚು ತಣ್ಣಗಿತ್ತು. ಸದ್ದು ಮಾತ್ರ ನಿಲ್ಲಲಿಲ್ಲ.

ಆ ಬಿಡುವಿನಿಂದಲೇ ಗುರುತು ಹಿಡಿದೆ. ರೊಟ್ಟಿ ತಿರುಗಿಸುವಾಗ ಅವ್ವ ಹಾಗೆಯೇ ಒಂದು ಗಳಿಗೆ ಕೈ ತಡೆಯುತ್ತಿದ್ದಳು.

ಅವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಈಗ ಬರೆಯುವಾಗ ಮೈ ಜುಮ್ಮೆನ್ನುತ್ತದೆ. ಅಂದು ಹೆದರಿಕೆಯೇ ಆಗಲಿಲ್ಲ, ಸಂತೋಷವಾಯಿತು. ಹಿಂದಿನ ಮಳೆಗಾಲವೆಲ್ಲ ತಲೆ ಬಾಚಿಕೊಳ್ಳಲೂ ಮನಸ್ಸಿಲ್ಲದೆ ಹಾಸಿಗೆಯಲ್ಲಿ ಬಿದ್ದಿದ್ದವಳು ನಾನು. ಆಮೇಲೆ ಯಾವಾಗಲೋ ಏನೋ ತಿರುಗಿ, ನಿದ್ದೆಯೇ ಬೇಡವಾಗಿ, ಮನೆಯ ಡಬ್ಬಿಗಳನ್ನೆಲ್ಲ ಮತ್ತೆ ಮತ್ತೆ ಉಜ್ಜುತ್ತಿದ್ದೆ. ಆರಾಮಾಗಿದ್ದೇನೆ ಅಂದುಕೊಂಡಿದ್ದೆ. ಅಂದು ಹಿಟ್ಟು ನಾದಿ, ಅವ್ವನ ಕೈಗೆ ಸರಿಯಾಗಿ ನಾನೂ ಬಡಿಯತೊಡಗಿದೆ.

ಸಂಜೆ ಇವರು ಬಾಗಿಲಲ್ಲೇ ನಿಂತರು. ಮಂಚದ ಮೇಲೆ, ಕಿಟಕಿಯಲ್ಲಿ, ಟಿವಿಯ ಮೇಲೆ, ದೇವರ ಜಗಲಿಯಲ್ಲಿ ಎಲ್ಲೆಲ್ಲೂ ರೊಟ್ಟಿ. ನನ್ನ ಅಂಗೈ ಬೊಬ್ಬೆ ಎದ್ದು ಒಡೆದಿತ್ತು.

"ಕಸ್ತೂರಿ, ಯಾರರ ಬರಾಕತ್ತಾರೇನು?"

"ಅವ್ವ ಬಂದಾಳ್ರಿ. ಒಳಗ ಅದಾಳ. ಮಾತಾಡಸ್ರಿ."

ಅವರು ಒಳಗೆ ಇಣುಕಿ ನೋಡಿದರು. ಆ ಕ್ಷಣದ ಅವರ ಮುಖವನ್ನು ನಾನು ಮರೆತಿಲ್ಲ.

ಧಾರವಾಡದ ಆಸ್ಪತ್ರೆಯಲ್ಲಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಪೋಲಾರ್ ಡಿಸಾರ್ಡರ್ ಅಂದರು. ಬಿದ್ದುಕೊಂಡಿದ್ದ ಮಳೆಗಾಲವೂ, ರೊಟ್ಟಿಯ ಆ ದಿನವೂ ಒಂದೇ ಕಾಯಿಲೆಯ ಎರಡು ಮುಖ ಎಂದು ಬಿಡಿಸಿ ಹೇಳಿದರು. ಮೊದಲು ಕೊಟ್ಟ ಮಾತ್ರೆ ನನ್ನನ್ನು ಗೋಣಿಚೀಲ ಮಾಡಿತು. ಕೂತಲ್ಲೇ ಜೊಲ್ಲು ಸುರಿಯುತ್ತಿತ್ತು. ಕನ್ನಡಿಯಲ್ಲಿ ಊದಿಕೊಂಡ ಹೆಂಗಸೊಬ್ಬಳು ಇರುತ್ತಿದ್ದಳು. ನಾನು ಕಣ್ಣು ಮಿಟುಕಿಸಿದ ಮೇಲೆ, ತುಸು ತಡೆದು ಅವಳು ಮಿಟುಕಿಸಿದಂತೆ ಕಾಣುತ್ತಿತ್ತು. ಡಾಕ್ಟರ್ ಅದನ್ನು ಬದಲಿಸಿ ಲಿಥಿಯಂ ಶುರು ಮಾಡಿದರು. ನೀರು ಚೆನ್ನಾಗಿ ಕುಡಿಯಬೇಕು, ಉಪ್ಪು ಇದ್ದಂತೆಯೇ ಇರಲಿ, ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದು ಇವರಿಗೆ ಹೇಳಿದ್ದರಂತೆ. ನಾನು ಮಂಪರಿನಲ್ಲಿದ್ದೆ.

ಲಿಥಿಯಂ ನನಗೆ ಹೊಂದಿತು. ಕನ್ನಡಿಯಲ್ಲಿ ನಾನೇ ಕಂಡೆ. ಅಡುಗೆಮನೆ ಸುಮ್ಮನಾಯಿತು.

ಆ ಮೌನ ನನಗೆ ಬೇಕಿರಲಿಲ್ಲ. ಮಾತ್ರೆ ನುಂಗುವಾಗೆಲ್ಲ ಅವ್ವನನ್ನು ಮನೆಯಿಂದ ಹೊರಗೆ ಹಾಕಿ ಚಿಲಕ ಹಾಕಿದಂತೆ ಅನ್ನಿಸುತ್ತಿತ್ತು.

ಆಗ ರಾಯಾಪುರದಿಂದ ನನ್ನ ಅಕ್ಕ ಶಾಂತಾ ನೋಡಿಕೊಳ್ಳಲು ಬಂದಳು. ಬಂದವಳೇ ದೇವಿಗೆ ಹರಕೆ ಹೊತ್ತಳು. "ನೀ ಪೂರಾ ಆರಾಮಾಗೂತನಕ ನಾವಿಬ್ಬರೂ ಉಪ್ಪು ಬಿಡೂಣು. ನೀ ಉಣ್ಣೂದನ್ನ ನಾನೂ ಉಣ್ತೇನಿ." ಇವರಿಗೆ ಬೇರೆ ಸಾರು ಮಾಡಿಡುತ್ತಿದ್ದಳು. ಅಂಗಡಿಯಿಂದ ಹಸಿದು ಬರುವ ಗಂಡಸು ಯಾವ ಪಾತ್ರೆಯಲ್ಲಿ ಏನಿದೆ ಎಂದು ಕೇಳುತ್ತಾನೆಯೇ? ಸಪ್ಪೆ ಬೇಳೆ, ಸಪ್ಪೆ ಪಲ್ಯ. ಅಕ್ಕ ನನ್ನೆದುರು ಕೂತು ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು.

ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ ಖಾಲಿ ತಾಟಿನ ಮುಂದೆ ಕೂತಿದ್ದೆ.

ಪಟ್ ಪಟ್.

ಅವ್ವ ಮರಳಿ ಬಂದಳು ಅಂದುಕೊಂಡೆ. ಈ ಸಲ ಬಹಳ ಹತ್ತಿರದಲ್ಲಿ, ಮಡಿಲಲ್ಲೇ ಎಂಬಷ್ಟು ಹತ್ತಿರದಲ್ಲಿ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾತ್ರೆ ಹೆಚ್ಚಿಸಿ ಮತ್ತೆ ಓಡಿಸಿಬಿಡುತ್ತಾರೆ. ವಾಂತಿಯಾಗುತ್ತಿತ್ತು, ಸಪ್ಪೆ ಊಟದ್ದು ಅಂದುಕೊಂಡೆ. ಕಾಲು ಬೇರೆ ಯಾರದೋ ಇದ್ದಂತೆ ನಾನಿಟ್ಟಲ್ಲಿ ಬೀಳುತ್ತಿರಲಿಲ್ಲ. ನಾಲಿಗೆ ತೊಡರುತ್ತಿತ್ತು. ಆದರೂ ಸದ್ದು ಕೇಳುತ್ತ ಕೂತೆ.

ಕಂಡುಹಿಡಿದವಳು ಅಕ್ಕ.

"ಕಸ್ತೂರಿ, ತಾಟು ಯಾಕ ಬಡ್ಯಾಕತ್ತಿ? ಏ ಹುಡುಗಿ, ಕೈ ನೋಡ್ಕೋ!"

ನೋಡಿದೆ. ನನ್ನ ಬಲಗೈ ಬೆರಳುಗಳು ತಾಟಿನ ಅಂಚನ್ನು ಬಡಿಯುತ್ತಿದ್ದವು. ನಾನು ಬಡಿಯುತ್ತಿರಲಿಲ್ಲ. ಅಕ್ಕ ಎರಡೂ ಕೈಯಿಂದ ಒತ್ತಿ ಹಿಡಿದಳು. ಅವಳ ಅಂಗೈಯೊಳಗೂ ಅದು ಬಡಿಯಿತು.

ಮನೆಯಲ್ಲಿ ಅವ್ವ ಇರಲಿಲ್ಲ.

ಅವತ್ತೇ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಲಿಥಿಯಂ ಲೆವೆಲ್ ಬಹಳ ಏರಿತ್ತು. ಮಾತ್ರೆ ನಿಲ್ಲಿಸಿ ಸಲೈನ್ ಹಾಕಿದರು. ಡಾಕ್ಟರ್ ಮೊದಲು ಕೇಳಿದ್ದೇ ಅಡುಗೆಯ ಬಗ್ಗೆ.

"ಊಟದಾಗ ಏನರ ಬದಲಾಗೇತೇನ್ರಿ?"

ಅಕ್ಕ ಸೆರಗು ಹಿಂಡುತ್ತ ಹರಕೆಯ ವಿಷಯ ಹೇಳಿದಳು. ಇವರು ತಲೆಯ ಮೇಲೆ ಕೈ ಹೊತ್ತು ಕೂತರು. ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಅದೇ ವಿಷವಾಗುತ್ತದೆ ಎಂದು ಡಾಕ್ಟರ್ ತಿಳಿಸಿದರು. ಬೈಯಲಿಲ್ಲ.

"ಹಂಗಾರ ದೇವಿಗೆ ನಾ ಏನ್ ಹೇಳ್ಲಿರಿ, ಬಾಯೀರ?" ಅಕ್ಕ ಅಳುತ್ತ ಕೇಳಿದಳು.

"ಉಪ್ಪಿನ ಬದಲಿ ಬ್ಯಾರೆ ಏನರ ಬಿಡ್ರಿ. ಅದೂ ನೀವೊಬ್ಬರ."

ಅಕ್ಕ ಯೋಚಿಸಿದಳು. "ಚಾ ಬಿಡ್ತೇನ್ರಿ."

"ನೀವು ಚಾ ಬಿಟ್ರ ಮನ್ಯಾಗ ಉಳಿದವರ ಗತಿ ಏನ್ರಿ, ಅಕ್ಕಾರ?" ಎಂದರು ಇವರು. ಅಕ್ಕ ಅಳುತ್ತಲೇ ನಕ್ಕಳು. ನನಗೂ ನಗು ಬಂತು, ನಾಲಿಗೆ ಇನ್ನೂ ಸರಿಯಾಗಿ ತಿರುಗದಿದ್ದರೂ.

ಲಿಥಿಯಂ ಅನ್ನೇ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಈಗ ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ. ಕೈಯಲ್ಲಿ ಸಣ್ಣ ನಡುಕ ಉಳಿದಿದೆ. ರೊಟ್ಟಿಯ ಅಂಚು ಬಿರಿಯುತ್ತದೆ. ಇವರು ಅದನ್ನೇ ಮುರಿದು ತಿನ್ನುತ್ತಾರೆ. ಅಕ್ಕ ರಾಯಾಪುರಕ್ಕೆ ಮರಳಿದ್ದಾಳೆ. ಚಹಾ ಇಲ್ಲದೆ ತಲೆನೋವು ಎಂದು ಫೋನಿನಲ್ಲಿ ನನಗೇ ಬೈಯುತ್ತಾಳೆ.

ಕಳೆದ ರವಿವಾರ ಮಧ್ಯಾಹ್ನ ಇವರು ಮನೆಯಲ್ಲೇ ಇದ್ದರು. ನಾನು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆ. ಪಟ್ ಪಟ್. ಸಣ್ಣ ಬಿಡುವು. ಕೈ ನೋಡಿಕೊಂಡೆ. ಬೆರಳು ಸೊಪ್ಪಿನ ಮೇಲೆ ಸುಮ್ಮನಿದ್ದವು.

ಬಹಳ ಹೊತ್ತು ಕೇಳಿದೆ. ಕೇಳುತ್ತ ಕೂತುಬಿಡಬಹುದಿತ್ತು.

"ನಿಮಗ ರೊಟ್ಟಿ ಬಡಿಯೂ ಸಪ್ಪಳ ಕೇಳ್ತೇತೇನ್ರಿ?"

ಇವರು ಪೇಪರ್ ಕೆಳಗಿಟ್ಟರು. ಕಿವಿಗೊಟ್ಟರು. ಎದ್ದು ಬಾಗಿಲು ತೆರೆದು ಓಣಿಯತ್ತಲೂ ಕಿವಿಗೊಟ್ಟರು.

"ಇಲ್ಲ, ಕಸ್ತೂರಿ."

"ನನಗ ಕೇಳಾಕತ್ತೇತಿ. ನಾಳೆ ದವಾಖಾನಿಗೆ ಹೋಗೂಣ್ರಿ."

ಅವರು ಬಂದು ನನ್ನ ಪಕ್ಕ ಕೂತು, ಒಂದು ಕಟ್ಟು ಸೊಪ್ಪು ತಮ್ಮ ಕಡೆ ಎಳೆದುಕೊಂಡರು. ಒಳಗೆ ಅವ್ವ ಬಡಿಯುತ್ತಲೇ ಇದ್ದಳು. ನಾನು ಏಳಲಿಲ್ಲ.