ನಮ್ಮ ಮೇಸ್ತ್ರಿಯೂ ಡೀಸೆಲ್ ಪಂಪೂ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹುಣಿಸೆ ಬೀಜದ ಹಾಗೆ ನುಣ್ಣಗೆ, ಕಪ್ಪಗೆ ಹೊಳೆಯುತ್ತಿತ್ತು. ಡೀಸೆಲ್ ತೊಟ್ಟೊಂದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉಜ್ಜಿ ನೋಡುವುದು ಅವರ ಅಭ್ಯಾಸ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಹಾಗಾಗಿತ್ತು. ಸೊಸೈಟಿಯ ಗುಮಾಸ್ತ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು, "ಇದೇನ್ರೀ, ಬರೀ ಮಸಿ ಬತ್ತದಲ್ಲ!" ಎಂದು ಮೂರು ಸಲ ಒತ್ತಿಸಿ ಸೋತದ್ದನ್ನು ನಾನೇ ಕಂಡಿದ್ದೇನೆ. ಆ ಬೆರಳಿಗೆ ಮಾತ್ರ ಎಲ್ಲ ಗೊತ್ತಾಗುತ್ತಿತ್ತು. "ಇದ್ರಲ್ಲಿ ಸೀಮೆಎಣ್ಣೆ ಸೇರ್ಕಂಡದೆ ಕಣ್ ಸಾ," ಎಂದು ಅವರು ಟ್ಯಾಂಕರಿನ ಮುಂದೆ ನಿಂತು ಹೇಳಿದರೆ ಡ್ರೈವರನ ಮುಖ ಬಿಳಿಚಿಕೊಳ್ಳುತ್ತಿತ್ತು. ನಾನೂ ಯಾರೂ ನೋಡದಾಗ ಉಜ್ಜಿ ನೋಡುತ್ತಿದ್ದೆ. ನನ್ನ ಬೆರಳಿಗೆ ಎಲ್ಲ ಡೀಸೆಲ್ಲೂ ಒಂದೇ. ನನಗೆ ಮೊದಲು ಹೊಟ್ಟೆಕಿಚ್ಚು ಬಂದದ್ದು ಆ ಬೆರಳಿನ ಮೇಲೆ.

ಅದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ, ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಸೇರಿದ್ದೆ. ಕೆಲಸ ಕಾಯಂ ಆಗಲು ಒಂದು ವರ್ಷ ಪ್ರೊಬೇಷನ್. ನನ್ನ ಊರು ತಿ. ನರಸೀಪುರದ ಪಕ್ಕದ ಹೊಳೆದಂಡೆ. ಮೇಸ್ತ್ರಿಯದು ಕವಲಂದೆ. ಬೆಳಗಿನ ರೈಲಿಗೆ ಬಂದು, ಹಣೆಯ ವಿಭೂತಿ ಬೆವರಿಗೆ ಕರಗುವ ಮೊದಲೇ ಕಾರ್ಖಾನೆಯ ಎಲ್ಲ ಪಂಪುಗಳ ಮೇಲೂ ಒಮ್ಮೆ ಅಂಗೈ ಇಟ್ಟು ನೋಡಿ ಮುಗಿಸಿರುತ್ತಿದ್ದರು. ಓದು ಬರಹ ಇಲ್ಲ. ಆದರೂ ಕ್ಯಾಂಟೀನಿನ ಮೊದಲ ಇಡ್ಲಿ ಅವರಿಗೆ. ಮ್ಯಾನೇಜರು ಷೆಡ್ಡಿಗೆ ಬಂದರೆ ನನ್ನನ್ನು ದಾಟಿಕೊಂಡು ಹೋಗಿ, "ಏನ್ ಮೇಸ್ತ್ರಿ, ಎಲ್ಲ ಸರಿಯಾಗಿದ್ಯಾ?" ಎಂದು ಅವರನ್ನು ಕೇಳುತ್ತಿದ್ದರು. ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನ ಮುಂದೆ ದೂರಿದರೆ ಆಕೆ, "ಅಂಥೋರ ಕೈಕೆಳ್ಗೆ ಕೆಲ್ಸ ಕಲ್ತ್ಕೊ ಮಗ, ಪುಣ್ಯ ಮಾಡಿದ್ದೀಯೆ," ಎಂದರು. ಕೈಕೆಳಗೆ! ಕಾಗದದ ಪ್ರಕಾರ ಅವರೇ ನನ್ನ ಕೈಕೆಳಗೆ ಇದ್ದವರು. ಅವತ್ತು ನಾನು ಊಟ ಬಿಟ್ಟು ಎದ್ದಿದ್ದೆ.

ನಾನು ಸೇರಿದ ಕೆಲವು ತಿಂಗಳಿಗೆ ಕಾರ್ಖಾನೆಗೆ ದೊಡ್ಡ ಜನರೇಟರ್ ಬಂತು. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ದಿನಗಳು. ನೆಲದಡಿಯ ದೊಡ್ಡ ಟ್ಯಾಂಕಿನಲ್ಲಿ ಡೀಸೆಲ್ ತುಂಬಿಟ್ಟು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಿ ಜನರೇಟರಿಗೆ ಬಿಡಬೇಕು. ಏರಿಸಲು ಯಾವ ಪಂಪು ತರುವುದು? ಮ್ಯಾನೇಜರು ಆ ಕೆಲಸವನ್ನು ನನಗೆ ವಹಿಸಿದರು. ಮೊದಲ ಸಲ ನನ್ನ ಹೆಸರು ಹಿಡಿದು ಕರೆದು ಕೊಟ್ಟ ಕೆಲಸ. ಮೂರು ದಿನ ಕ್ಯಾಟಲಾಗುಗಳನ್ನು ಗುಡ್ಡೆ ಹಾಕಿಕೊಂಡು ಕೂತೆ.

ಮೇಸ್ತ್ರಿ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಪುಸ್ತಕದ ಕಡೆ ನೋಡಲೇ ಇಲ್ಲ. ಯಾವ ಪಂಪಿನ ಮಾತು ಬಂದರೂ ಅವರ ಮೊದಲ ಪ್ರಶ್ನೆ ಒಂದೇ.

"ಎಣ್ಣೆ ಮೇಲಿಂದ ಇಳ್ದು ಬತ್ತದೋ, ಕೆಳ್ಗಿಂದ ಎಳೀಬೇಕೋ ಸಾ?"

"ಕೆಳಗಿಂದ. ಗೊತ್ತಿದ್ದೂ ಕೇಳ್ತೀರಲ್ಲ ಮೇಸ್ತ್ರಿ."

"ಅಂಗಾರೆ ಗೇರ್ ಪಂಪ್ ತರ್ಸಿ. ಅದು ತಾನೇ ಈರ್ಕೊಳ್ತದೆ, ಪಂಪಿನ ಬಾಯಿಗೆ ಎಣ್ಣೆ ಉಯ್ಯೋ ತಾಪತ್ರಯ ಇಲ್ಲ. ಒತ್ತಡ ಬಿಡಾಕೆ ಒಂದು ರಿಲೀಫ್ ವಾಲ್ವ್ ಮಾತ್ರ ಮರೀಬೇಡಿ. ಮುಂದ್ಗಡೆ ವಾಲ್ವ್ ಯಾರಾರ ಮುಚ್ಚಿಬಿಟ್ರೆ ಪೈಪ್ ಸೀಳಾಕ್ತದೆ."

ನನ್ನ ಮನಸ್ಸಿಗೂ ಗೇರ್ ಪಂಪೇ ಬಂದಿತ್ತು. ನಿಜ ಹೇಳುತ್ತೇನೆ, ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದಿದ್ದೆ. ಅವರ ಬಾಯಿಂದ ಬಂದ ಕೂಡಲೇ ಅದನ್ನು ಹೊಡೆದುಹಾಕಿದೆ. ಅದನ್ನು ತರಿಸಿದರೆ ಇಡೀ ಕಾರ್ಖಾನೆ "ಮೇಸ್ತ್ರಿ ಆರಿಸಿದ ಪಂಪು" ಎನ್ನುತ್ತದೆ, ಅಷ್ಟೇ ಕಾರಣ. ನಿಮಿಷಕ್ಕೆ ಹೆಚ್ಚು ಲೀಟರ್ ಎತ್ತುವ, ನೋಡಲು ಮುದ್ದಾಗಿದ್ದ ಒಂದು ಸೆಂಟ್ರಿಫ್ಯೂಗಲ್ ಪಂಪನ್ನು ಆರಿಸಿದೆ. ನಮ್ಮ ಹೊಳೆದಂಡೆಯ ನೀರಿನ ಪಂಪ್‌ಸೆಟ್ಟುಗಳ ಜಾತಿಯದೇ. ಅದಕ್ಕೆ ಪೈಪಿನ ಬುಡದಲ್ಲಿ, ಏರಿದ್ದು ವಾಪಸು ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಇರಬೇಕು, ಒಳಗೆ ಎಣ್ಣೆ ತುಂಬಿಯೇ ಇರಬೇಕು. ಫುಟ್‌ವಾಲ್ವ್ ಒಂದು ಚೂರು ಸೋರಿದರೂ ಎಣ್ಣೆಯೆಲ್ಲ ಕೆಳಗಿಳಿದು, ಪಂಪು ಬರೀ ಗಾಳಿ ಹಿಡಿದು ತಿರುಗುತ್ತದೆ. ಮೇಸ್ತ್ರಿ ಅದನ್ನು ನೋಡಿ, "ಚೆಂದಾಗದೆ," ಎಂದರು. ಎದ್ದು ಬೇರೆ ಪಂಪಿನ ಕಡೆ ಹೋದರು. ಆ ಒಂದೇ ಮಾತಿಗೂ ನನಗೆ ಉರಿಯಿತು.

ಪಂಪು ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಮ್ಯಾನೇಜರು ಒಮ್ಮೆ ನನ್ನ ಬೆನ್ನು ತಟ್ಟಿದರು ಕೂಡ. ಪ್ರೊಬೇಷನ್ ಮುಗಿಯಲು ಇನ್ನು ಎರಡು ತಿಂಗಳಿತ್ತು.

ಒಂದು ಮಧ್ಯಾಹ್ನ, ಸುಡುಬಿಸಿಲು. ಮೇಸ್ತ್ರಿ ತಂಗಿಯ ಮನೆಯ ಮದುವೆಗೆಂದು ಚಿಕ್ಕಯ್ಯನಛತ್ರಕ್ಕೆ ಹೋಗಿದ್ದರು. ಕರೆಂಟು ಹೋಯಿತು, ಜನರೇಟರ್ ಶುರುವಾಯಿತು, ಮೇಲಿನ ಟ್ಯಾಂಕು ತಳ ಕಂಡಿತು. ಪಂಪು ಹಾಕಿದರೆ ಬರೀ ಗುಂಯ್ ಶಬ್ದ. ಫುಟ್‌ವಾಲ್ವ್ ಸೋರುತ್ತಿತ್ತು. ಆಲಿಕೆ ಇಟ್ಟು ಡಬ್ಬಿಗಟ್ಟಲೆ ಡೀಸೆಲ್ ಸುರಿದೆ. ಸುರಿದದ್ದೆಲ್ಲ ಕೆಳಗೆ. ಒಳಗಿಂದ ಆಗಲೇ ಎರಡು ಸಲ ಮ್ಯಾನೇಜರು ಹೇಳಿ ಕಳಿಸಿದ್ದರು.

ಆಗ ನನಗೆ ನೆನಪಾದದ್ದು ಡಿಪ್ಲೊಮಾ ಅಲ್ಲ, ಅಪ್ಪ. ಹೊಳೆಯ ಪಂಪ್‌ಸೆಟ್ ನೀರು ಹಿಡಿಯದಿದ್ದಾಗ ಅಪ್ಪ ಅರ್ಧ ಬಕೆಟ್ ಸಗಣಿ ಕದಡಿ ಪಂಪಿನ ಬಾಯಿಗೆ ಸುರಿಯುತ್ತಿದ್ದರು. ಸಗಣಿ ಇಳಿದು ಫುಟ್‌ವಾಲ್ವಿನ ಸಂದು ಮುಚ್ಚುತ್ತದೆ, ನೀರು ನಿಲ್ಲುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಕಾರ್ಖಾನೆಯ ಬೇಲಿಯಾಚೆ ಎಮ್ಮೆಗಳಿಗೇನು ಬರವಿರಲಿಲ್ಲ. ಸಗಣಿ ತಂದು ನೀರಿನಲ್ಲಿ ಕದಡಿ, ಷೆಡ್ಡಿನಲ್ಲಿ ಯಾರೂ ಇಲ್ಲದಾಗ ನನ್ನ ಕೈಯಾರೆ ಸುರಿದೆ. ಪಂಪು ಹಿಡಿಯಿತು ನೋಡಿ! ಎಣ್ಣೆ ಭರ್ರನೆ ಏರಿತು. ಮೇಸ್ತ್ರಿ ಇಲ್ಲದೆಯೂ ನಡೆಯುತ್ತದೆ ಎಂದು ಅವತ್ತು ಶಿಳ್ಳೆ ಹಾಕಿಕೊಂಡು ಬಸ್ ಹತ್ತಿದೆ.

ಮೂರನೆಯ ದಿನ ಜನರೇಟರ್ ನಿಂತಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಹಸಿರು ಗಸಿ, ಜೊತೆಗೆ ನೀರು. ಕಾರ್ಖಾನೆಯೆಲ್ಲ ಸ್ತಬ್ಧ. ಮ್ಯಾನೇಜರು ಷೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಫಿಲ್ಟರ್ ಕೈಯಲ್ಲಿ ಹಿಡಿದು ಕೂಗಿದರು.

"ಡೀಸೆಲ್ ಪಂಪಿಗೆ ಸಗಣಿ ಹಾಕಿದ ಬೃಹಸ್ಪತಿ ಯಾರ್ರೀ? ಇವತ್ತೇ ಮನೆಗೆ ಕಳಿಸ್ತೀನಿ!"

ನಾನು ಹಿಂದಿನ ಸಾಲಿಗೆ ಸರಿದೆ. ಅವತ್ತು ಬೆಳಿಗ್ಗೆಯಷ್ಟೇ ಮದುವೆ ಮುಗಿಸಿ ಬಂದಿದ್ದ ಮೇಸ್ತ್ರಿ ಗಸಿಯನ್ನು ಬೆರಳಲ್ಲಿ ಉಜ್ಜಿದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ನಾನೇ ಆಕಿದ್ದು ಸಾ," ಎಂದರು.

ಮ್ಯಾನೇಜರು ಫಿಲ್ಟರ್ ಕೆಳಗಿಟ್ಟರು. ಅವರ ಮುಖ ಸಡಿಲಾಯಿತು. ಆಮೇಲೆ ನಕ್ಕುಬಿಟ್ಟರು! "ಏನ್ ಮೇಸ್ತ್ರಿ ನೀವು! ನೀವೇ ಹಾಕಿದ್ರೆ ಬೇರೆ ಗತಿ ಇರ್ಲಿಲ್ಲ ಅಂತ್ಲೇ ಅರ್ಥ. ಹೋಗ್ಲಿ, ಟ್ಯಾಂಕ್ ತೊಳ್ಸಿ. ಈ ದರಿದ್ರದ ಪಂಪ್ ತೆಗೆದು ಬೇರೆ ಹಾಕ್ಸಿ." ಮದುವೆಗೆ ಹೋದವರು ಯಾವಾಗ ಬಂದು ಹಾಕಿದರು ಎಂದು ಯಾರೂ ಕೇಳಲಿಲ್ಲ. ಕೆಲಸ ಉಳಿದ ಸಮಾಧಾನಕ್ಕಿಂತ ಮೊದಲು ನನಗೆ ಬಂದದ್ದು ಸಂಕಟ. ನಾನು ಒಪ್ಪಿಕೊಂಡಿದ್ದರೆ ಗೇಟಿನಾಚೆ. ಅವರು ಒಪ್ಪಿಕೊಂಡರೆ ನಗು.

ಟ್ಯಾಂಕು ತೊಳೆಯುವಾಗ ಕೇಳಿದೆ. "ಯಾಕೆ ಸುಳ್ಳು ಹೇಳಿದ್ರಿ ಮೇಸ್ತ್ರಿ?"

"ಎಲ್ಲಿ ಸುಳ್ಳು? ನಾನೂ ಆಕಿದ್ದೆ ಸಾ, ಮೊದ್ಲು ಇದ್ದ ಕೆಲ್ಸದಲ್ಲಿ. ಇವತ್ತು ಅಂದ್ನಾ, ನಿನ್ನೆ ಅಂದ್ನಾ?" ಎಂದು ಕಣ್ಣು ಮಿಟುಕಿಸಿದರು. "ನಿಮ್ಮ ನರಸೀಪುರ್ದ ಕಡೆ ಎಮ್ಮೆ ಸಗಣಿನೋ, ಅಸುವಿಂದೋ?"

"ಎಮ್ಮೇದು."

"ಅದ್ಕೇ ಇಷ್ಟ್ ಗಟ್ಟಿ ಇಡ್ಕಂಡದೆ."

ಗೇರ್ ಪಂಪು ಬಂತು. ಅದನ್ನು ತರಿಸುವ ಇಂಡೆಂಟ್ ಕಾಗದವನ್ನು ಅವರು ನನ್ನ ಕೈಯಲ್ಲೇ ಬರೆಸಿದ್ದರು, ನನ್ನ ರುಜುವನ್ನೇ ಹಾಕಿಸಿದ್ದರು. ಎಣ್ಣೆ ಎಲ್ಲಿಂದ, ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತಿನಲ್ಲಿ, ವಾಷರ್ ಯಾವುದರದ್ದು ಎಂದು ಒಂದೊಂದಾಗಿ ಕೇಳಿ ನನ್ನಿಂದ ಉತ್ತರ ಹೊರಡಿಸಿದರು. ಅವರ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿ. ಅದರ ಡೀಸೆಲ್ಲಿನಲ್ಲಿ ತರಾವರಿ ರಬ್ಬರ್ ವಾಷರುಗಳನ್ನು ತಿಂಗಳುಗಟ್ಟಲೆ ನೆನೆಹಾಕಿ, ಯಾವುದು ಊದುತ್ತದೆ, ಯಾವುದು ಊದುವುದಿಲ್ಲ ಎಂದು ನೋಡುತ್ತಿದ್ದರು. ಆ ಬಾಟಲಿಯನ್ನು ನನಗೆ ಕೊಟ್ಟರು. ಆ ವಿದ್ಯೆಯಿಂದಲೇ ನಾನು ಮುಂದೆ ಅನ್ನ ತಿಂದೆ. ಎಂಬತ್ತರ ದಶಕದಲ್ಲಿ ಸುತ್ತಲಿನ ಕಾರ್ಖಾನೆಗಳವರು ಡೀಸೆಲ್ ಪಂಪು ಆರಿಸಲು ನನ್ನನ್ನು ಕರೆಯತೊಡಗಿದರು. ಹೋದ ಕೂಡಲೇ ಕೇಳುತ್ತಿದ್ದದ್ದು, "ಮೇಸ್ತ್ರಿ ಬರ್ಲಿಲ್ವಾ?"

ಮೇಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ಕವಲಂದೆಗೆ ಹೋದೆ. ಅಷ್ಟರಲ್ಲಿ ನಿವೃತ್ತರಾಗಿದ್ದ ಮ್ಯಾನೇಜರೂ ಮೈಸೂರಿನಿಂದ ಬಂದಿದ್ದರು. ಮೇಸ್ತ್ರಿಯನ್ನು ಗೋಡೆಗೊರಗಿಸಿ ಕೂರಿಸಿ ವಿಭೂತಿ ಬಳಿದಿದ್ದರು. ಹೆಬ್ಬೆರಳು ಮಾತ್ರ ಕಪ್ಪಗೇ ಇತ್ತು. ಜಗುಲಿಯ ಮೇಲೆ ಕೂತವರಿಗೆ ಮ್ಯಾನೇಜರು ಕಣ್ಣೊರೆಸಿಕೊಳ್ಳುತ್ತಾ ಹೇಳುತ್ತಿದ್ದರು: "ಅಂಥಾ ಮೇಸ್ತ್ರಿ, ಒಂದ್ಸಲ ಡೀಸೆಲ್ ಪಂಪಿಗೆ ಸಗಣಿ ಹಾಕಿಬಿಟ್ಟಿದ್ರು! ಕೇಳಿದ್ರೆ ಮುಖಕ್ಕೆ ಹೊಡೆದ ಹಾಗೆ ಒಪ್ಕೊಂಡ್ರು. ಅದು ಮನುಷ್ಯ ಅಂದ್ರೆ." ಅಳುತ್ತಿದ್ದವರೂ ನಕ್ಕರು. ಮೇಸ್ತ್ರಿಯ ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪ ಎಂದು ಹೇಳಿದರೆ ಸುಳ್ಳಾದೀತು. ನನ್ನ ತಪ್ಪಿಗೆ ಅಷ್ಟು ಪ್ರೀತಿ ಸಿಗುತ್ತಿರುವುದನ್ನು ಕಂಡು ಉರಿದೆ. ಆ ತಪ್ಪಾದರೂ ನನ್ನ ಹೆಸರಿಗೆ ಬೇಕಾಗಿತ್ತು.

"ಸಾರ್, ಅದು ಹಾಕಿದ್ದು ನಾನು," ಎಂದೆ.

ಮ್ಯಾನೇಜರು ನನ್ನ ಭುಜದ ಮೇಲೆ ಕೈಯಿಟ್ಟರು. "ಸತ್ತವರ ಮೇಲೆ ಒಂದು ಚುಕ್ಕೆ ಇರಬಾರ್ದು ಅಂತ ನೀವು ಹೊತ್ಕೊಳ್ತಿದ್ದೀರಿ. ಅವರ ಹತ್ರ ಪಳಗಿದೋರಲ್ವೇ, ಇನ್ನೇನ್ ಮಾಡ್ತೀರಿ," ಎಂದರು. ಜಗುಲಿಯವರೆಲ್ಲ ತಲೆದೂಗಿದರು. ನಾನು ಮೇಸ್ತ್ರಿಯ ಕಡೆ ನೋಡಿದೆ. ಆ ಸಗಣಿ ಇವತ್ತಿಗೂ ಅವರ ಹೆಸರಿನಲ್ಲೇ ಇದೆ.