ದೇವರ ಮುಂದಿಟ್ಟ ಡಯೆಟ್ ಡಬ್ಬಿ

ದಾಂಡೇಲಿಗೆ ಬಂದ ಹೊಸತರಲ್ಲಿ ನಮ್ಮ ಬಾಗಿಲು ಬಡಿದ ಮೊದಲ ಹೆಣ್ಣುಮಗಳು ನನ್ನ ಹೆಸರು ಕೇಳಲಿಲ್ಲ, ತೂಕ ಕೇಳಿದಳು.

ನಮ್ಮ ನವಲಗುಂದದ ಕಡೆ ಹೊಸಬರು ಬಂದರೆ ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಂದು ವಿಚಾರಿಸುತ್ತಾರೆ. ತೂಕ ಕೇಳುವುದು ಹತ್ತಿ ಚೀಲಕ್ಕೆ. ನಾನು ಬಾಗಿಲಲ್ಲೇ ನಿಂತು, "ಯಾಕ್ರಿ, ಕೊಂಡುಕೊಳ್ಳಾಕ ಬಂದೀರೇನು?" ಎಂದೆ. ಆಕೆ ನಕ್ಕು ಒಳಗೆ ಬಂದೇ ಬಿಟ್ಟಳು. ಪಕ್ಕದ ಓಣಿಯ ಶೇವಂತಿಬಾಯಿ. ಸೂಪಾ ಡ್ಯಾಮಿನಲ್ಲಿ ಊರು ಮುಳುಗಿದಾಗ ಕೂಸಾಗಿದ್ದವಳು, ಜೋಯಿಡಾ ಕಡೆಯ ಕೊಂಕಣಿ ಮಂದಿ. ಗಂಡ ಪ್ರವಾಸಿಗರ ಜೀಪು ಓಡಿಸುತ್ತಾನೆ. ಈಕೆ ತೂಕ ಇಳಿಸುವ ಡಬ್ಬಿ ಊಟ ಮಾರುತ್ತಾಳೆ.

ನಮ್ಮ ಮನೆಯವರಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಬಂದವರು ನಾವು. ನವಲಗುಂದದ ಅಂಗಳದಲ್ಲಿ ನಿಂತರೆ ಕಪ್ಪು ಮಣ್ಣಿನ ಎರಿ ಹೊಲ ಕಣ್ಣಿಗೆ ದಣಿವಾಗುವಷ್ಟು ದೂರ ಕಾಣುತ್ತಿತ್ತು. ದಾಂಡೇಲಿಯಲ್ಲಿ ಓಣಿ ದಾಟಿದರೆ ಗಿಡಗಳೇ ಎದುರು ನಿಂತುಬಿಡುತ್ತವೆ. ನಮ್ಮೂರಲ್ಲಿ ಹಾದು ಹೋಗುವವರೆಲ್ಲ "ಊಟ ಆತೇನ್ರಿ?" ಅನ್ನುತ್ತಿದ್ದರು. ದಾಂಡೇಲಿಯ ನಳದ ಹತ್ತಿರ ಕೊಂಕಣಿ, ಮರಾಠಿ, ಉರ್ದು ಎಲ್ಲ ಕಲೆತು ಮಾತು ನಡೆದಿರುತ್ತದೆ, ನಾನು ಕೊಡ ಹಿಡಿದು ಹೋದ ಕೂಡಲೇ ಹಿಂದಿಗೆ ತಿರುಗುತ್ತದೆ. ನನಗೆ ಹಿಂದಿ ಅಷ್ಟಕ್ಕಷ್ಟೇ. ನೀರು ತುಂಬಿಕೊಂಡು ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೀಗಾಗಿ ಶೇವಂತಿಬಾಯಿ ಬಂದಾಗ ಒಳಗೊಳಗೆ ಹಿಗ್ಗಾಗಿತ್ತು. ಆದರೆ ಈಕೆಗೆ ಬೇಕಾದದ್ದು ನಾನೋ, ನನ್ನ ತೂಕವೋ? ಆ ಸಂಶಯ ಅಂದೇ ಹೊಕ್ಕಿತು.

ಮೊಣಕಾಲು ನೋಡಿದ ದವಾಖಾನೆಯ ಡಾಕ್ಟರು ತೂಕ ಇಳಿಸಲೇಬೇಕು ಎಂದಿದ್ದರು. ಹಾಗಾಗಿ ಡಬ್ಬಿ ತೆಗೆದುಕೊಂಡೆ. ಒಳಗೆ ಪಾಕೀಟುಗಳು: ಉಪ್ಪಿಟ್ಟು, ಖಿಚಡಿ, ಸೂಪು. ಕುದಿಯುವ ನೀರು ಹುಯ್ದು ಮುಚ್ಚಿಟ್ಟರೆ ಊಟ ತಯಾರು. ಬೇಯಿಸಿದವರು ಯಾರು, ಜಳಕ ಮಾಡಿ ಬೇಯಿಸಿದರೋ ಇಲ್ಲವೋ, ತಿಂಗಳುಗಟ್ಟಲೆ ಕೆಡದಂತೆ ಅದಕ್ಕೆ ಏನು ಹಾಕಿದ್ದಾರೋ! ಕೇಳಿಯೇ ಬಿಟ್ಟೆ.

"ನಿಮ್ಮ ಖಡಕ್ ರೊಟ್ಟಿ ಕೆಡತಾವೇನ್ರಿ ವೈನಿ?" ಅಂದಳು ಶೇವಂತಿಬಾಯಿ. ಅಷ್ಟರಲ್ಲೇ ನಾನು ಆಕೆಗೆ ವೈನಿ, ಅಂದರೆ ಅತ್ತಿಗೆ, ಆಗಿಬಿಟ್ಟಿದ್ದೆ.

ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತವೆ, ನಿಜ. ಸಂಶಯ ಮಾತ್ರ ಅಲ್ಲೇ ಇತ್ತು.

ನಮ್ಮಲ್ಲಿ ಮನೆಗೆ ಏನೇ ಹೊಸದು ಬರಲಿ, ಮೊದಲು ದೇವರ ಜಗಲಿಯ ಮೇಲೆ ಇಟ್ಟು ಆಮೇಲೆ ಮುಟ್ಟುವುದು. ಡಬ್ಬಿಯನ್ನೂ ಹಾಗೇ ಇಟ್ಟೆ. ವಿಭೂತಿ ಹಚ್ಚಿದೆ, ಬಿಲ್ವಪತ್ರೆ ಏರಿಸಿದೆ. "ಶಿವನೇ, ಇದರೊಳಗೆ ಏನೈತೋ ನನಗೆ ಗೊತ್ತಿಲ್ಲ, ನಿನಗೆ ಗೊತ್ತು," ಎಂದು ಕೈಮುಗಿದು ಉಣ್ಣಲು ಶುರು ಮಾಡಿದೆ. ಹಲ್ಲು ಬಾರದ ಕೂಸಿಗೆ ಉಣಿಸುವಂಥ ಖಿಚಡಿ. ಪ್ರಸಾದ ಚೆಲ್ಲಬಾರದೆಂದು ಬಟ್ಟಲು ತೊಳೆದು ಆ ನೀರನ್ನೂ ಕುಡಿದೆ. ಕೈ ಆರುವುದರೊಳಗೆ ಮತ್ತೆ ಹಸಿವು.

ಸುಳ್ಳು ಹೇಳಬಾರದು, ಗುಣವೂ ಕಂಡಿತು. ಕುಬಸ ಸಡಿಲಾಯಿತು. ಮೆಟ್ಟಿಲು ಹತ್ತುವಾಗ ಮೊಣಕಾಲು ನನ್ನನ್ನು ಬೈಯುವುದು ಕಡಿಮೆಯಾಯಿತು. ಅದಕ್ಕೂ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಎರಡನೆಯ ಡಬ್ಬಿ ತರಿಸಿ ಅದನ್ನೂ ಜಗಲಿಗೇರಿಸಿದೆ. ಶೇವಂತಿಬಾಯಿ ಬಂದವಳೇ ನನ್ನನ್ನು ಗೋಡೆಗೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ಹೊಡೆದಳು. "ಮೊದಲ ಹೆಂಗಿದ್ರಿ, ಈಗ ಹೆಂಗಾದ್ರಿ ಅಂತ ಮಂದಿಗೆ ತೋರಿಸಾಕ್ರಿ." ಆಕೆ ನಮ್ಮ ಮನೆಯ ಚಹಾ ಕುಡಿದು ಹೋದ ಮೇಲೆ ನನಗೆ ಅಳು ಬಂತು. ಗೆಳತಿ ಎಂದುಕೊಂಡಿದ್ದವಳಿಗೆ ನಾನು ಅಂಗಡಿಯ ಬೋರ್ಡು ಆಗಿದ್ದೆನೇ?

ಒಂದು ಮಧ್ಯಾಹ್ನ ಶೇಂಗಾ ಚಟ್ನಿ ಕೊಡುವ ನೆಪದಲ್ಲಿ, ಹೇಳದೆ ಕೇಳದೆ ಆಕೆಯ ಮನೆಗೆ ಹೋದೆ. ಏನು ಉಣ್ಣುತ್ತಾಳೆ ನೋಡಬೇಕೆಂಬುದೇ ನಿಜವಾದ ಕಾರಣ. ಆಕೆ ನೆಲದ ಮೇಲೆ ಕುಳಿತು ಪೇಜ ಉಣ್ಣುತ್ತಿದ್ದಳು. ಪೇಜ ಅಂದರೆ ಆ ಕಡೆಯ ಅಕ್ಕಿ ಗಂಜಿ. ಬದಿಗೆ ಒಣಮೀನು. ಗೋಡೆಗೆ ಒಟ್ಟಿದ್ದ ಡಬ್ಬಿಗಳ ಮೇಲೆ ಧೂಳು ಕೂತಿತ್ತು.

"ಶೇವಂತಿಬಾಯಾರ, ನೀವು ಡಬ್ಬಿ ಊಟ ಮಾಡೂದಿಲ್ಲೇನು?"

ಆಕೆಯ ಕೈ ಬಟ್ಟಲಲ್ಲೇ ನಿಂತಿತು. "ಮೊದಲ ಮಾಡ್ತಿದ್ದೆ ವೈನಿ. ತೆಳ್ಳಗೂ ಆದೆ. ಬಿಟ್ಟ ಮ್ಯಾಲ ಹೋದದ್ದೆಲ್ಲಾ ತಿರುಗಿ ಬಂತು. ಬರೂ ಮುಂದ ಬೀಗರನ್ನೂ ಕರಕೊಂಡು ಬಂತು."

"ಮತ್ತ ನನಗ್ಯಾಕ ಕೊಟ್ರಿ?"

"ನಿಮ್ಮ ಮನಿಗೆ ಬರಾಕ ನನಗ ಏನರ ಒಂದು ಬೇಕಿತ್ತಲ್ರಿ. ನೀವು ಯಾವಾಗ ನೋಡಿದ್ರೂ ಬಾಗಲಾ ಹಾಕ್ಕೊಂಡ ಕುಂತಿರತೀರಿ."

ಕೇಳಲು ಹಿತವಾಗಿತ್ತು. ಮಾರುವವರ ಮಾತು ಹಿತವಾಗಿಯೇ ಇರುತ್ತದಲ್ಲ, ನಾನು ನಂಬಲಿಲ್ಲ. ನನ್ನ ಮುಖ ನೋಡಿ ಆಕೆಯೇ ಅಂದಳು, "ಇನ್ನೂ ಒಡೀಲಾರದ ಡಬ್ಬಿ ಇದ್ರ ಕೊಡ್ರಿ, ಕಂಪನಿಗೆ ವಾಪಸ್ ಕಳಸ್ತೇನಿ."

ಎರಡನೆಯ ಡಬ್ಬಿ ಇನ್ನೂ ಒಡೆದಿರಲಿಲ್ಲ, ಆದರೆ ದೇವರ ಮುಂದಿತ್ತು. ಜಗಲಿ ಏರಿದ್ದು ಪ್ರಸಾದವಾಯಿತು. ಪ್ರಸಾದವನ್ನು ಯಾರಾದರೂ ಅಂಗಡಿಗೆ ತಿರುಗಿ ಕೊಡುತ್ತಾರೆಯೇ? ಹೇಳಿದೆ. ಶೇವಂತಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಡಬ್ಬಿಗೂ ಭಸ್ಮ ಹಚ್ಚೀರಿ? ಶಿವಗೂ ತೂಕ ಇಳಸೂದಿತ್ತೇನ್ರಿ?"

ನನಗೂ ನಗು ತಡೆಯಲಾಗಲಿಲ್ಲ. ಪ್ರಸಾದಕ್ಕೆ ಉಳಿದ ದಾರಿ ಒಂದೇ, ಹಂಚುವುದು. ಸೋಮವಾರ ಸಂಜೆ ಉಪ್ಪಿಟ್ಟು ಖಿಚಡಿ ಎಂದು ನೋಡದೆ ಎಲ್ಲ ಪಾಕೀಟು ಒಂದೇ ಪಾತೇಲಿಗೆ ಸುರಿದು, ಶೇಂಗಾ ಹಾಕಿ ಜೋರು ಒಗ್ಗರಣೆ ಕೊಟ್ಟೆ. ಶೇವಂತಿಬಾಯಿ ನಳದ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಳು. ನಮ್ಮ ಪಡಸಾಲೆಯಲ್ಲಿ ಅಷ್ಟು ಚಪ್ಪಲಿ ಅಂದೇ ಮೊದಲು ಬಿದ್ದದ್ದು. ಹಳಿಯಾಳದ ಒಬ್ಬ ಅಜ್ಜಿ ಮೂರನೆಯ ಸಲ ಬಟ್ಟಲು ಚಾಚಿ, "ಭಾಳ ರುಚಿ ಆಗೇತವ್ವಾ. ಇಷ್ಟು ಉಂಡು ಬೆಳದ್ರ ನಿನ್ನಂಗ ಗಟ್ಟಿಮುಟ್ಟ ಆಗ್ತಾರ ನೋಡು," ಎಂದಳು. ಶೇವಂತಿಬಾಯಿ ನನ್ನ ತೊಡೆ ಚಿವುಟಿದಳು.

ಆ ಮೇಲೆ ನಳದಲ್ಲಿ ನನಗೂ ಒಂದೆರಡು ಮಾತು ಸಿಗತೊಡಗಿದವು. ಆದರೆ ಶೇವಂತಿಬಾಯಿ ಮಾತ್ರ ಬರುವುದು ನಿಲ್ಲಿಸಿದಳು. ನಾನು ಹೊಸ ಡಬ್ಬಿ ಬೇಡವೆಂದಿದ್ದೆನಲ್ಲ! ಗಿರಾಕಿ ಹೋಯಿತು, ಗೆಳೆತನವೂ ಹೋಯಿತು. ನನ್ನ ಸಂಶಯವೇ ಖರೆ ಆಯಿತೆಂದು ಮನಸ್ಸು ಗಟ್ಟಿ ಮಾಡಿಕೊಂಡು, ತಮ್ಮನ ಮಗಳ ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಬಂದೆ.

ಇಲ್ಲಿ ಎಲ್ಲರದೂ ಒಂದೇ ಮಾತು: "ಎಷ್ಟು ಸೊರಗೀ ಯವ್ವಾ! ಆ ಊರಿನ ನೀರು ಒಗ್ಗವಲ್ದೇನು?" ಅಲ್ಲಿ ಇರುವಾಗ ದಾಂಡೇಲಿಯನ್ನು ಬೈಯುತ್ತಿದ್ದ ನಾನು ಇಲ್ಲಿ ಅದರ ಪರವಾಗಿ ವಾದಕ್ಕೆ ನಿಂತೆ. "ಕಾಳಿ ಹೊಳಿ ನೀರ ಕುಡದ ನೋಡ್ರಿ ಮೊದಲ," ಎಂದೆ. ಅಲ್ಲಿ ಉಣ್ಣುವಾಗ ರೊಟ್ಟಿಗಾಗಿ ಪರಿತಪಿಸಿದವಳು ಇಲ್ಲಿ ಮೂರನೆಯ ರೊಟ್ಟಿ ಬೇಡವೆಂದಾಗ ತಮ್ಮನ ಹೆಂಡತಿ ಅನುಮಾನದಿಂದ ನೋಡಿದಳು.

ನಿನ್ನೆ ಮುಂಜಾನೆ ಫೋನು ಬಂತು. ಶೇವಂತಿಬಾಯಿ. "ನಿಮ್ಮ ಮನಿಗೆ ಕೀಲಿ ಐತಿ. ಎಲ್ಲಿ ಹೋದ್ರಿ ವೈನಿ? ಯಾವಾಗ ಬರ್ತೀರಿ?"

"ಯಾಕ, ಹೊಸಾ ಡಬ್ಬಿ ಬಂದಾವೇನು?" ನಾಲಿಗೆ ಸುಮ್ಮನಿರಲಿಲ್ಲ.

"ಆ ಧಂದೆ ಬಿಟ್ಟೆ. ಬರಿಗೈಲೆ ಬಂದ್ರ ಒಳಗ ಕರೀತೀರೋ ಇಲ್ಲೋ ಅಂತ ಅಂಜಿಕಿ ಆತು, ಅದಕ್ಕ ಬರಲಿಲ್ಲ."

ನಾನು ಆಕೆಯನ್ನು ತೂಗುತ್ತಿದ್ದಾಗ ಆಕೆಯೂ ನನ್ನನ್ನು ತೂಗುತ್ತಿದ್ದಳು. "ಬುಧವಾರ ಮನೀಗೆ ಬರ್ತೇನಿ. ಸಂಜೀಗೆ ಬಂದಬಿಡ್ರಿ, ಚಾ ಕುಡಿಯೂಣು," ಎಂದೆ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಮ್ಮನ ಹೆಂಡತಿಯ ಕೈ ನಿಂತಿತು. "ಮನೀಗೆ ಅಂದ್ರಲ್ಲಾ ಅಕ್ಕಾರ," ಅಂದಳು ನಗುತ್ತಲೇ, "ಹಂಗಾರ ಇದು ಯಾರ ಮನಿರೀ?"

ಹೋಗಿ ಆಕೆಯ ಪಕ್ಕದಲ್ಲಿ ಕುಳಿತು, ಕೇಳದೆಯೇ ಒಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡೆ.