ಹಾಯಿದೋಣಿಗೆ ಬರೆದ ಎರಡು ಹವಾಮಾನ ವರದಿ

ನನ್ನ ತಮ್ಮ ಹಾಯಿದೋಣಿಯಲ್ಲಿ ಕೆಲಸಕ್ಕಿದ್ದಾನೆ ಎಂದರೆ, ಶಿಕಾರಿಪುರದ ನನ್ನ ಹೊಲಿಗೆ ಅಂಗಡಿಗೆ ಬರುವವರು ಮೀನು ಹಿಡಿಯೋಕಾ ಎಂದು ಕೇಳುತ್ತಾರೆ. ಅಲ್ಲ ಮಾರಾಯ್ರೆ. ಸಮುದ್ರ ಸುತ್ತುವ ಚಟವಿರುವ ನಿವೃತ್ತ ದಂಪತಿಯ ದೋಣಿ ಅದು. ಎಂಜಿನ್ನು, ಹಾಯಿ, ಅಡುಗೆ ಎಲ್ಲಕ್ಕೂ ಇವನೇ.

ಅವರು ದಿನಕ್ಕೆರಡು ಸಲ ಉಪಗ್ರಹ ಫೋನಿನಲ್ಲಿ ಗಾಳಿಯ ನಕ್ಷೆ ಇಳಿಸಿಕೊಂಡು, ಅದನ್ನು ನೋಡಿಯೇ ದಾರಿ ತೀರ್ಮಾನಿಸುತ್ತಾರೆ. ಹೋದ ವರ್ಷ ಮಾಲ್ಡೀವ್ಸ್‌ನಿಂದ ಕೊಚ್ಚಿಗೆ ಹೊರಟ ಮರುದಿನವೇ ಆ ಫೋನಿಗೆ ಉಪ್ಪುನೀರು ಹೊಕ್ಕಿತು. ಉಳಿದದ್ದು ನಾಲ್ಕು ಸಾಲು ಬರೆದು ಕಳಿಸಬಹುದಾದ ಅಂಗೈಯಗಲದ ಒಂದು ಯಂತ್ರ. ಅದರಿಂದ ತಮ್ಮ ನನಗೆ ಬರೆದ: "ಅಕ್ಕಾ, ಹವಾಮಾನ ನೋಡಿ ಹೇಳು. ನಮಗಿಲ್ಲಿ ಏನೂ ಗೊತ್ತಾಗ್ತಿಲ್ಲ."

ರವಿಕೆ ಕತ್ತರಿಸುವುದನ್ನು ಬಿಟ್ಟು ಮೊಬೈಲಿನಲ್ಲಿ ನೋಡಿದೆ. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ, ನಾಳೆಯ ಹೊತ್ತಿಗೆ ಚಂಡಮಾರುತ. ಆದರೆ ಸೊರಬದ ನನ್ನ ತವರಿನಲ್ಲಿ, ದಾರಿಯಲ್ಲಿರುವವರಿಗೆ ಕೆಟ್ಟ ಸುದ್ದಿ ಹೇಳುವ ಪದ್ಧತಿಯೇ ಇಲ್ಲ. ಅಜ್ಜಿ ತೀರಿಕೊಂಡಾಗಲೂ ಬಸ್ಸಿನಲ್ಲಿದ್ದ ನನಗೆ "ಸ್ವಲ್ಪ ಹುಷಾರಿಲ್ಲ, ಬಾ" ಎಂದಷ್ಟೇ ಹೇಳಿದ್ದರು. ನಾನೂ ಅದೇ ಮನೆಯವಳಲ್ಲವೇ? "ಸ್ವಲ್ಪ ಗಾಳಿ ಐತಂತೆ, ಹೆದರಬೇಡ" ಎಂದು ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು: "ಹಂಗಾದ್ರೆ ಮುಂದೆ ಹೋಗ್ತೀವಿ."

ಎಂಥ ಕತ್ತೆ ಕೆಲಸ ಮಾಡಿದೆ ನಾನು. ಧೈರ್ಯ ಹೇಳಲು ಹೋಗಿ ತಮ್ಮನನ್ನು ಚಂಡಮಾರುತದ ಬಾಯಿಗೇ ಕಳಿಸುತ್ತಿದ್ದೆ. ಮತ್ತೆ ಬರೆದೆ. ಈ ಸಲ ಅದು ಇರುವ ಜಾಗ, ಸಾಗುವ ದಿಕ್ಕು, ಗಾಳಿಯ ವೇಗ, ಒಂದನ್ನೂ ಬಿಡಲಿಲ್ಲ. ಕೊನೆಗೆ "ಮುಂದೆ ಹೋದ್ರೆ ಸಾಯ್ತೀರಿ" ಎಂದೂ ಸೇರಿಸಿದೆ.

"ದೋಣಿ ತಿರುಗಿಸಿದ್ವಿ, ದಕ್ಷಿಣಕ್ಕೆ" ಎಂದು ಬಂತು. ಭೂಮಧ್ಯರೇಖೆಯ ಹತ್ತಿರ ಚಂಡಮಾರುತ ಸುಳಿಯುವುದಿಲ್ಲವೆಂದು ಹಿಂದೊಮ್ಮೆ ಅವನೇ ಹೇಳಿದ್ದ. ಆಮೇಲೆ ಎರಡು ದಿನ ಸುದ್ದಿಯಿಲ್ಲ. ಮಷೀನಿನ ಮುಂದೆ ಕೂತರೆ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. ಅಂಗಡಿಗೆ ಬಂದವರ ಮೇಲೆಲ್ಲ ರೇಗಿದೆ.

ಮೂರನೆಯ ದಿನ ಮಾಲ್ಡೀವ್ಸ್‌ನ ಒಂದು ದ್ವೀಪದಿಂದ ಫೋನು ಬಂತು. "ಮುಟ್ಟಿದ್ವಿ ಅಕ್ಕಾ." ಅಷ್ಟು ಕೇಳಿದ್ದೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಹೋದ ಜೀವ ಬಂದಂತಾಯಿತು. ಮೊದಲು ಕಳಿಸಿದ್ದು ಸುಳ್ಳೆಂದು ಹೇಳಿ ತಪ್ಪಾಯಿತು ಎಂದೆ.

"ನಾನೇನ್ ಕಮ್ಮಿ?" ಎಂದ ತಮ್ಮ. "ನೀನು ಮೊದ್ಲು ಕಳಿಸಿದ್ದನ್ನ ಯಜಮಾನ್ರಿಗೆ ಓದಿ ಹೇಳೋವಾಗ, ಗಾಳೀನೇ ಇಲ್ವಂತೆ ಅಂದಿದ್ದೆ. ಎರಡನೇದನ್ನ ಮಾತ್ರ ಇದ್ದದ್ದು ಇದ್ದಂಗೆ ಓದ್ದೆ."